ಸಾಹೇಬರ ಹಿಂಗಾಲು

ಅಪ್ಪಾ,

ನಿನ್ನ ಆಮೆ ಸಾಹೇಬರನ್ನು ಇವತ್ತು ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಅವರು ಹಿಂಗಾಲು ಎಳೆಯತೊಡಗಿದ್ದರು. ತಟ್ಟೆಯಲ್ಲಿಟ್ಟ ಸೊಪ್ಪಿನವರೆಗೂ ಹೋಗಲಾರದೆ ಕತ್ತು ಮಾತ್ರ ಚಾಚುತ್ತಿದ್ದರು.

"ವಯಸ್ಸಾಯ್ತಲ್ಲ ಡಾಕ್ಟ್ರೇ," ಎಂದೆ.

ಆಕೆ ಚಿಪ್ಪನ್ನು ಒತ್ತಿ ನೋಡಿ, ಕಾಲನ್ನು ಮೆಲ್ಲಗೆ ಎಳೆದು ಬಿಟ್ಟರು. "ಆಮೆಗೆ ಇದೊಂದು ವಯಸ್ಸೇನಮ್ಮಾ? ಬಿಸಿಲಿಲ್ಲದೆ ಮೂಳೆ ಮೆತ್ತಗಾಗಿದೆ. ಎಲ್ಲಿಟ್ಟಿದ್ರಿ ಇದನ್ನ?"

"ಒಳಗಿನ ರೂಮಲ್ಲಿ."

"ಅದಕ್ಕೆ ಮುಂಚೆ?"

"ಬಾಲ್ಕನೀಲಿ. ಅಪ್ಪನ ಜೊತೆ."

ಅಲ್ಲಿಗೆ ನನ್ನ ಹೊಲಿಗೆ ಮೆಷಿನ್ ಬಂತೆಂದು ಹೇಳಲಿಲ್ಲ. ಬೆಳಕು ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸಲು ಅನುಕೂಲ ಎಂದು ನಿಮ್ಮಿಬ್ಬರನ್ನೂ ಒಳಗೆ ಕಳಿಸಿದವಳು ನಾನೇ ತಾನೆ. "ಒಂಚೂರು ಹೊರಗೆ ಕೂರ್ತೀನಿ ಕಣೇ," ಎಂದು ನೀನು ಗೋಡೆ ಹಿಡಿದುಕೊಂಡು ಬಂದಾಗಲೆಲ್ಲ, "ಕಾಲಲ್ಲಿ ಶಕ್ತಿ ಇಲ್ಲ, ಸುಮ್ನೆ ಮಲ್ಕೋಬಾರ್ದಾ?" ಎನ್ನುತ್ತಿದ್ದೆ. ಬರಬರುತ್ತಾ ನೀನು ಕೇಳುವುದನ್ನೇ ಬಿಟ್ಟೆ.

ಡಾಕ್ಟರು ಸುಣ್ಣದಂಶದ ಪುಡಿ ಕೊಟ್ಟರು. "ದಿನಾ ಬಿಸಿಲಿಗೆ ಬಿಡಿ, ನಡೀಲಿ. ನಿಧಾನಕ್ಕೆ ಸುಧಾರಿಸಬಹುದು," ಎಂದರು.

ಮನೆಗೆ ಬಂದವಳೇ ಮೆಷಿನನ್ನು ಒಳಗೆ ಸಾಗಿಸಿದೆ. ಸಾಹೇಬರು ಬಿಸಿಲಲ್ಲಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಹಿಂಗಾಲು ಊರಿ, ಹೊಟ್ಟೆಯನ್ನು ನೆಲದಿಂದ ತುಸು ಎತ್ತಿದರು. ಚಪ್ಪಾಳೆ ತಟ್ಟಬೇಕೆನಿಸಿತು, ಕೈ ಬರಲಿಲ್ಲ.

ಆ ಮೆಷಿನ್ನಿಗೆ ಚಕ್ರಗಳಿವೆ, ಅಪ್ಪಾ. ಒಂದೇ ಕೈಯಲ್ಲಿ ತಳ್ಳಿದರೂ ಸರಿಯುತ್ತದೆ.