ಎರಡು ಥರ್ಮಾಮೀಟರುಗಳ ನಡುವಿನ ಜಾಗ

ಮೇ ೧೭, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಬುಗುರಿ ಮಾಡುವ ನಮಸ್ಕಾರ. ನೀನು, ಭಾವ, ಹೊಟ್ಟೆಯೊಳಗಿರುವ ಆ ಪುಟ್ಟ ಯಜಮಾನರು, ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಕೆಲಸವಿತ್ತು, ಅದಕ್ಕೇ ತಡವಾಯಿತು ಎಂದು ಬರೆಯಬಹುದಿತ್ತು. ಕೆಲಸವೇನೂ ಇರಲಿಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದು ಹೋದೆ. ಕೂತಲ್ಲಿ ಕೂರದವನು ಎಂದು ನೀವೆಲ್ಲ ಬೈಯುವುದು ಸುಮ್ಮನೆ ಅಲ್ಲ.

ನೀನು ಎರಡು ವಿಷಯ ಕೇಳಿದ್ದೀಯ. ದೊಡ್ಡಮ್ಮ ಹೇಗೆ ಸತ್ತಳು ಎಂದು ಯಾರೂ ಬಿಡಿಸಿ ಹೇಳುತ್ತಿಲ್ಲ ಯಾಕೆ? ಹೆರಿಗೆಗೆ ಅಮ್ಮನ ಹತ್ತಿರ ಬರಲೋ ಬೇಡವೋ? ಫೋನಿನಲ್ಲಿ ನೀನು ಇದನ್ನೇ ಕೇಳಿದಾಗ ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ವಯಸ್ಸಾಗಿತ್ತು ಕಣೆ, ಹೃದಯ ನಿಂತೋಯ್ತು. ನೀನು ಅದನ್ನೆಲ್ಲ ತಲೆಗೆ ಹಚ್ಕೋಬೇಡ, ಆರಾಮಾಗಿ ಬಾ" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಕೊನೆಗೆ ಎಲ್ಲರ ಹೃದಯವೂ ನಿಲ್ಲುತ್ತದೆ. ಆದರೆ ಅರವತ್ತೊಂದು ಒಂದು ವಯಸ್ಸೇ? ಹಿಂದಿನ ದಿನವೂ ದೊಡ್ಡಮ್ಮ ಗ್ರಂಥಾಲಯಕ್ಕೆ ಹೋಗಿ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿ, ಬೆರಳಿಗೆ ಅಂಟಿದ ಗೋಂದನ್ನು ಕೆರೆದುಕೊಳ್ಳುತ್ತಾ ಮನೆಗೆ ಬಂದಿದ್ದಳು.

ಇಲ್ಲೆಲ್ಲ ಸರಿಯಿದೆ, ಈಗ ಸೆಕೆ ಇಳಿದಿದೆ ಎಂದು ಬರೆ ಅಂತ ಅಮ್ಮ ಹೇಳಿಕೊಟ್ಟಿದ್ದಾಳೆ. ಸೆಕೆ ಇಳಿದಿರುವುದು ನಿಜ. ಎಲ್ಲ ಸರಿಯಿದೆ ಎಂದು ನಾನು ಬರೆಯಲಾರೆ.

ಸ್ಕೂಲು ಬಿಟ್ಟ ಮೇಲೆ ಇದು ನನ್ನ ಮೂರನೆಯ ಕೆಲಸ ಎಂದು ನಿನಗೆ ಗೊತ್ತು. ಪಂಕ್ಚರ್ ಅಂಗಡಿ ಆಯಿತು, ಪ್ರಿಂಟಿಂಗ್ ಪ್ರೆಸ್ ಆಯಿತು, ಈಗ ಏರ್ ಕೂಲರ್ ರಿಪೇರಿ. ಯಜಮಾನನಿಗೆ ಇಡೀ ಬೀದಿಯೇ ಗಾಳಿ ಮಾಮ ಎಂದು ಹೆಸರಿಟ್ಟಿದೆ. ಒಂದು ಪೆಟ್ಟಿಗೆ, ಒಳಗೆ ಒದ್ದೆ ಹುಲ್ಲಿನ ಮೆತ್ತೆ, ಹಿಂದೆ ಒಂದು ಫ್ಯಾನ್. ಒಣಗಾಳಿ ಆ ಒದ್ದೆಯ ಮೂಲಕ ಹಾದು ತಣ್ಣಗಾಗುತ್ತದೆ, ಅಷ್ಟೇ ವಿದ್ಯೆ. ಮೊದಲ ದಿನವೇ ಮಾಮ ಹೇಳಿದ್ದ: "ಕೂಲರ್ ಇಟ್ಟ ಕೋಣೆಗೆ ಒಂದು ಕಿಟಕಿ ತೆರೆದಿರಬೇಕು ಕಣೋ. ಒಳಗೆ ಬಂದ ಗಾಳಿ ಹೊರಗೆ ಹೋಗ್ಬೇಕು." ಕೇಳಿಸಿಕೊಂಡಿದ್ದೆ. ಆದರೆ ಯಾವ ಮನೆಗೆ ಹೋದರೂ ಜನ ಕಿಟಕಿ ಬಾಗಿಲು ಜಡಿದುಕೊಂಡೇ ಕೂಲರ್ ಹಾಕುತ್ತಿದ್ದರು. ಮೊದಲ ಅರ್ಧ ಗಂಟೆ ಹಾಯಾಗಿಯೂ ಇರುತ್ತಿತ್ತು. ಮಾಮನದು ಹಳೇ ಕಾಲದ ಮಾತು ಎಂದುಕೊಂಡು, ನಾನೂ ಮುಚ್ಚಿಡಿ ಎಂದೇ ಹೇಳತೊಡಗಿದೆ.

ಈ ಸಲದ ಸೆಕೆ ಬೇರೆ ಥರ ಇತ್ತು ಅಕ್ಕ. ನಾವು ಚಿಕ್ಕವರಿದ್ದಾಗ ಬಿಸಿಲೆಂದರೆ ಒಣ ಬಿಸಿಲು. ಒಗೆದ ಬಟ್ಟೆ ಹಿಂಡುವಷ್ಟರಲ್ಲಿ ಒಣಗುತ್ತಿತ್ತು. ಈ ಸಲ ಗಾಳಿಯೇ ಒದ್ದೆ. ಮೂರು ದಿನ ಹಗ್ಗದ ಮೇಲಿದ್ದ ಟವೆಲ್ ಒಣಗಲಿಲ್ಲ, ಕೆಳಗೆ ನೆಲ ಮಾತ್ರ ಕಾಲು ಸುಡುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡಮ್ಮನ ಕಾಲು ಊದಿಕೊಂಡಿತ್ತು, ಅವಳು ಕೆಲಸಕ್ಕೆ ಹೋಗಲಿಲ್ಲ. ಅಮ್ಮ ಆಸ್ಪತ್ರೆಯ ಲಾಂಡ್ರಿಗೆ ಡ್ಯೂಟಿಗೆ ಹೋದಳು. ನಾನು ಅಂಗಡಿಯಿಂದ ಒಂದು ಕೂಲರ್ ತಂದು ದೊಡ್ಡಮ್ಮನ ಕೋಣೆಯಲ್ಲಿಟ್ಟೆ. ಕಿಟಕಿ ಹಾಕಿದೆ. ಸಂದಿಗಳಿಂದ ಬಿಸಿಗಾಳಿ ನುಗ್ಗುತ್ತಿತ್ತು, ಅದಕ್ಕೆ ಅವಳ ರಟ್ಟು ಕಟ್ಟುವ ಕಂದು ಟೇಪು ಅಂಟಿಸಿದೆ. ಅವಳೇ ಅಳತೆಗೆ ಸರಿಯಾಗಿ ಕತ್ತರಿಸಿ ಕತ್ತರಿಸಿ ಕೊಟ್ಟಳು. "ಈಗ ನಾನೇ ಒಂದು ಪುಸ್ತಕ ಆದೆ ನೋಡು. ನನ್ನನ್ನೇ ಬೈಂಡ್ ಮಾಡಿಬಿಟ್ಟೆ ನೀನು" ಎಂದು ನಕ್ಕಳು.

ಅಂಗಡಿಗೆ ಹೋದರೆ ಬೀದಿಯೆಲ್ಲ ನೀರಿನ ಟ್ಯಾಂಕಿನ ಕಡೆ ಓಡುತ್ತಿತ್ತು. ಟ್ಯಾಂಕಿನ ಹಿಂದಿನ ಮರಗಳು ನೆನಪಿದೆಯಲ್ಲ? ತಲೆಯ ಮೇಲೆ ಬಾವಲಿ ಗಲೀಜು ಮಾಡುತ್ತವೆಂದು ನೀನು ಕೊಡೆ ಹಿಡಿದು ಹೋಗುತ್ತಿದ್ದ ಜಾಗ. ಆ ಬಾವಲಿಗಳು ಬೀಳುತ್ತಿದ್ದವು. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ಸದ್ದು. ಮೇಲಿದ್ದವು ರೆಕ್ಕೆ ಬೀಸಿಕೊಳ್ಳುತ್ತಿದ್ದವು, ಮೈ ನೆಕ್ಕಿಕೊಳ್ಳುತ್ತಿದ್ದವು, ಆಮೇಲೆ ಕಾಲಿನ ಹಿಡಿತ ಬಿಡುತ್ತಿದ್ದವು. ಒಂದು ತಾಯಿ ನನ್ನ ಮುಂದೆಯೇ ಬಿತ್ತು. ಮರಿ ಅದರ ಎದೆಗೆ ಕಚ್ಚಿಕೊಂಡು ಇನ್ನೂ ಹಾಲು ಕುಡಿಯುತ್ತಿತ್ತು. ಈ ಸ್ಥಿತಿಯಲ್ಲಿರುವ ನಿನಗೆ ಇದನ್ನು ಬರೆಯಬಾರದು, ಗೊತ್ತು. ಆದರೆ ನಾನು ನೋಡಿದ್ದು ಇದನ್ನೇ.

ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಬದುಕಿರುವವನ್ನು ಹಿಡಿದು ನಮ್ಮ ಗೋಡೌನಿಗೆ ಹಾಕಿ ಆರು ಕೂಲರ್ ಹಚ್ಚುವುದು. ಗಾಳಿ ಮಾಮ, "ಬಾವಲಿಗೂ ಕೂಲರ್ ಬಂತಾ? ನಾಳೆ ಹಲ್ಲಿ ಬಂದು ಕ್ಯೂ ನಿಂತರೆ ಏನಪ್ಪಾ ಮಾಡ್ತೀಯಾ?" ಎಂದು ತಮಾಷೆ ಮಾಡಿದ. ಆದರೂ ಕೀಲಿ ಕೊಟ್ಟು, ತಾನೇ ನೀರಿನ ಟ್ಯಾಂಕರ್ ತರಲು ಹೋದ. ವೆಲ್ಡಿಂಗ್ ಅಂಗಡಿಯವರು ಚರ್ಮದ ಕೈಗವಸು ಕೊಟ್ಟರು. ಹತ್ತು ಜನ ಸೇರಿ ನೂರ ನಲವತ್ತು ಬಾವಲಿಗಳನ್ನು ತಂದು ಹಗ್ಗಕ್ಕೆ ನೇತು ಹಾಕಿದೆವು. ತಂಪು ಹೋಗಬಾರದೆಂದು ನಾನು ಶಟರ್ ಎಳೆದೆ. ಮೊದಲ ಅರ್ಧ ಗಂಟೆ ಎಲ್ಲವೂ ಶಾಂತವಾದವು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ದಡ್ಡ ಎಂದ ಮೇಷ್ಟ್ರನ್ನು ಕರೆದು ತೋರಿಸಬೇಕು ಅನ್ನಿಸಿತು.

ಆಮೇಲೆ ಹಗ್ಗದಿಂದ ಒಂದೊಂದೇ ಉದುರತೊಡಗಿದವು.

ಎರಡು ಗಂಟೆಗೆ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಬಂದರು. ಒಳಗೆ ಕಾಲಿಟ್ಟವರೇ, "ಶಟರ್ ಯಾರು ಹಾಕಿದ್ದು?" ಎಂದರು.

"ನಾನು ಮೇಡಂ. ತಂಪು ಹೋಗಬಾರದು ಅಂತ."

"ಎತ್ತು. ಕೂಲರ್ ಎಲ್ಲ ಆರಿಸು."

ಅವರ ಚೀಲದಲ್ಲಿ ಎರಡು ಥರ್ಮಾಮೀಟರುಗಳಿದ್ದವು. ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿತ್ತು. ಬರಿಯದು ಮೂವತ್ತಾರು ತೋರಿಸುತ್ತಿತ್ತು. ಮೂವತ್ತಾರೇನು ಮಹಾ ಸೆಕೆಯೇ, ಹೊರಗೆ ಇನ್ನೂ ಹೆಚ್ಚಿದೆಯಲ್ಲ ಎಂದು ನಾನು ವಾದಿಸಿದೆ. ಅವರು ಬಟ್ಟೆ ಸುತ್ತಿದ್ದನ್ನು ನನ್ನ ಮುಖದ ಮುಂದೆ ಹಿಡಿದರು. ಮೂವತ್ತೈದು.

"ಗಾಳಿ ಒಣಗಿದ್ದರೆ ಇದು ಹತ್ತು ಹನ್ನೆರಡು ಡಿಗ್ರಿ ಕೆಳಗಿರುತ್ತೆ. ಆ ಎರಡರ ನಡುವಿನ ಜಾಗದಲ್ಲೇ ನಾವೆಲ್ಲ ಬದುಕಿರೋದು. ನೀನು ಗಾಳಿಗೆ ನೀರು ತುಂಬಿ ತುಂಬಿ ಆ ಜಾಗವನ್ನೇ ಮುಚ್ಚಿಬಿಟ್ಟಿದ್ದೀಯ. ಇಲ್ಲಿ ಬೆವರು ಆರಲ್ಲ. ಫ್ಯಾನ್ ಹಾಕಿದರೂ ಅಷ್ಟೇ, ನೀರು ಕುಡಿದರೂ ಅಷ್ಟೇ. ಮೈಯೊಳಗಿನ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ."

"ಬಾವಲಿಗಳಿಗಾ ಮೇಡಂ?"

"ನಿನಗೂ."

ಅಕ್ಕ, ಆಮೇಲೆ ಅವರು ಏನೆಂದರೋ ನನಗೆ ಗೊತ್ತಿಲ್ಲ. ಕೈಗವಸು ಹಾಕಿಕೊಂಡೇ ಓಡಿದೆ. ಮನೆಯ ಮೆಟ್ಟಿಲು ಹತ್ತುವಾಗಲೂ ಕೂಲರಿನ ಸದ್ದು ಕೇಳುತ್ತಿತ್ತು. ಕೋಣೆಯ ಬಾಗಿಲು ತೆಗೆದರೆ ಬಚ್ಚಲುಮನೆಯಿಂದ ಬರುವಂಥ ಹಬೆ. ಗೋಡೆಯ ಮೇಲೆ ನೀರು ಇಳಿಯುತ್ತಿತ್ತು. ದೊಡ್ಡಮ್ಮ ಮಂಚದಲ್ಲಿ ಇರಲಿಲ್ಲ. ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಒಂದು ಕಡೆಯ ಟೇಪನ್ನು ಒಂದು ಗೇಣಿನಷ್ಟು ಕಿತ್ತಿದ್ದಳು. ಮೈ ಬೆಂಕಿಯ ಹಾಗೆ ಸುಡುತ್ತಿತ್ತು. ಉಸಿರು ಇರಲಿಲ್ಲ. ನಾನು ಅವಳನ್ನು ಎತ್ತಿಕೊಂಡು ಹೊರಗೆ ತಂದು ನೀರು ಸುರಿದೆ. ಪಕ್ಕದ ಮನೆಯಾಕೆ ಬಂದು ನನ್ನ ಕೈಯಿಂದ ಚೊಂಬು ತೆಗೆದುಕೊಂಡು, "ಸಾಕು ಮಗಾ" ಎನ್ನುವವರೆಗೂ ಸುರಿಯುತ್ತಲೇ ಇದ್ದೆ.

ಆಸ್ಪತ್ರೆಯ ಚೀಟಿಯಲ್ಲಿ ಹೃದಯಾಘಾತ ಎಂದು ಬರೆದಿದ್ದಾರೆ. ಆ ವಾರ ನಮ್ಮ ಬೀದಿಯಲ್ಲೇ ಇನ್ನೂ ಮೂವರು ಹೋದರು. ಮೂವರಿಗೂ ಮೂರು ಬೇರೆ ಬೇರೆ ಕಾರಣ ಬರೆದಿದ್ದಾರೆ.

ನಾಲ್ಕು ದಿನ ಬಿಟ್ಟು ಡಾಕ್ಟರಮ್ಮನ ಹತ್ತಿರ ಹೋದೆ. ಗೋಡೌನಿನ ನೂರ ನಲವತ್ತರಲ್ಲಿ ಐವತ್ತೆರಡು ಬದುಕಿದ್ದವು. ಮರದ ಕೆಳಗೆ ಸತ್ತವನ್ನು ಲಾರಿಗೆ ತುಂಬಿ ಸಾಗಿಸಿದ್ದರು. ಒಂದು ತಾಯಿ ವರ್ಷಕ್ಕೆ ಹೆರುವುದು ಒಂದೇ ಮರಿಯಂತೆ. ಕಳೆದುಕೊಂಡದ್ದು ತುಂಬಲು ಎಷ್ಟೋ ವರ್ಷ ಬೇಕು, ಅಷ್ಟರಲ್ಲಿ ಇಂಥ ಸೆಕೆ ಮತ್ತೆ ಬರುತ್ತದೆ, ಮೊದಲಿಗಿಂತ ಬೇಗ ಬರುತ್ತದೆ ಎಂದರು. ಕಾಡಿನಲ್ಲಿ ಆ ಬಾವಲಿಗಳು ಬೀಜ ಬಿತ್ತದಿದ್ದರೆ ಮರ ಏಳುವುದಿಲ್ಲವಂತೆ. ಸಮುದ್ರದ ನೀರು ಬಿಸಿಯಾಗಿ ಹವಳ ಸಾಯುತ್ತಿದೆಯಂತೆ, ಅದನ್ನು ನಂಬಿದ ಮೀನು, ಆ ಮೀನನ್ನು ನಂಬಿದ ಜನ. ನಾವು ಸುಟ್ಟ ಎಣ್ಣೆ, ಕಲ್ಲಿದ್ದಲಿನ ಹೊಗೆಯೇ ಇಷ್ಟಕ್ಕೆಲ್ಲ ಕಾರಣವಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಇದೆಲ್ಲ ಪಾಠದ ಪುಸ್ತಕದಲ್ಲೇ ಇತ್ತಂತೆ. ನಾನು ಬಿಟ್ಟುಬಂದ ಪುಟಗಳಲ್ಲಿ.

ಇಷ್ಟು ಗೊತ್ತಿದ್ದೂ ಜನ ಹೇಗೆ ಸುಮ್ಮನೆ ಓಡಾಡಿಕೊಂಡಿದ್ದಾರೆ ಮೇಡಂ ಎಂದು ಸಿಟ್ಟಿನಿಂದ ಕೇಳಿದೆ. ನೀನೂ ಮೊನ್ನೆಯವರೆಗೆ ಓಡಾಡಿಕೊಂಡೇ ಇದ್ದೆಯಲ್ಲ ಎಂದರು. ಹಾಗಾದರೆ ಮನುಷ್ಯರೂ ಉಳಿಯುವುದಿಲ್ಲವೇ ಎಂದೆ. ಅವರು ಕೈಯಲ್ಲಿದ್ದ ಔಷಧದ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಎಲ್ಲರೂ ಒಂದೇ ದಿನ ಸಾಯಲ್ಲಪ್ಪ. ಹಾಗೆ ಆಗಿದ್ರೆ ಜನ ಎಚ್ಚರ ಆಗ್ತಿದ್ರೇನೋ. ಒಂದು ಮರ, ಒಂದು ಕೋಣೆ, ಒಂದು ಬೀದಿ ಅಂತ ಆಗುತ್ತೆ. ಎಷ್ಟರಮಟ್ಟಿಗೆ ಆಗುತ್ತೆ ಅನ್ನೋದು ಇನ್ನೂ ನಮ್ಮ ಕೈಲಿದೆ. ಪೂರ್ತಿ ತಪ್ಪಿಸೋ ಕಾಲ ಮಾತ್ರ ಹೋಯ್ತು."

ಆವತ್ತಿನಿಂದ ನಾನು ಕೂಲರ್ ಇಟ್ಟ ಮನೆಗಳಿಗೆಲ್ಲ ಮತ್ತೆ ಹೋಗುತ್ತಿದ್ದೇನೆ. ಬಾಗಿಲು ತಟ್ಟಿ, ಕಿಟಕಿ ತೆರೆದಿಡಿ ಎಂದು ಹೇಳುತ್ತೇನೆ. ಕೆಲವರು ಹುಚ್ಚನನ್ನು ನೋಡಿದ ಹಾಗೆ ನೋಡುತ್ತಾರೆ. ಒಬ್ಬ, "ಆಗ ಮುಚ್ಚಿ ಅಂದೆ, ಈಗ ತೆರಿ ಅಂತೀಯ, ನಿನ್ನ ಬಾಯೋ ಬಾಗಿಲೋ" ಎಂದು ರೇಗಿದ. ಬೈಸಿಕೊಂಡು ಮುಂದಿನ ಮನೆಗೆ ಹೋದೆ.

ಆದ್ದರಿಂದ ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ: ಬರಬೇಡ. ಅಮ್ಮ ನಿನಗಾಗಿ ಅದೇ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ನಿನ್ನ ತಿಂಗಳು ತುಂಬುವುದು ಜೂನಿನಲ್ಲಿ, ಅಷ್ಟರಲ್ಲಿ ಇನ್ನೊಂದು ಸಲ ಆ ಗಾಳಿ ಬಂದರೆ ನಿನಗೂ ಮಗುವಿಗೂ ಕೊಡಲು ನನ್ನ ಹತ್ತಿರ ಯಾವ ಪೆಟ್ಟಿಗೆಯೂ ಇಲ್ಲ. ನೀನಿರುವುದು ಎತ್ತರದ ಊರು, ಅಲ್ಲೇ ಇರು. ಅಮ್ಮ ಅತ್ತು ರಂಪ ಮಾಡುತ್ತಾಳೆ, ಮಾಡಲಿ. ಮುಂದಿನ ವಾರ ನಾನೇ ಅವಳನ್ನು ರೈಲು ಹತ್ತಿಸಿ ನಿನ್ನಲ್ಲಿಗೆ ಕರೆತರುತ್ತೇನೆ. ಭಾವನಿಗೆ ಹೇಳಿಡು, ನಾನು ನೆಲದ ಮೇಲೆ ಮಲಗುತ್ತೇನೆ.

ದೊಡ್ಡವಳಾದ ನಿನ್ನನ್ನು ಹರಸುವ ವಯಸ್ಸು ನನ್ನದಲ್ಲ. ಮಗುವಿಗೆ ಮಾವನಾಗುವವನು, ಅದನ್ನು ಹರಸಬಹುದು. ಅದು ಆರೋಗ್ಯವಾಗಿ ಹುಟ್ಟಲಿ, ಚೆನ್ನಾಗಿ ಬೆವರಲಿ, ಬೆವರಿದ್ದು ಆರಲಿ.

ನಿನ್ನ ತಮ್ಮ,
ಬುಗುರಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಅಮ್ಮನಿಗೂ ಇದು ಗೊತ್ತಿಲ್ಲ. ಆವತ್ತು ಒಂದೂಕಾಲಿಗೆ ದೊಡ್ಡಮ್ಮ ನನಗೆ ಫೋನ್ ಮಾಡಿದ್ದಳು. ಉಸಿರು ಕಟ್ಟಿದ ಹಾಗಾಗುತ್ತಿದೆ, ಕಿಟಕಿ ತೆಗೆಯಲೇ ಎಂದು ಕೇಳಿದಳು. ಆಗಲೇ ಗೋಡೌನಿನಲ್ಲಿ ನನ್ನ ಕಾಲ ಬಳಿ ಹತ್ತು ಬಾವಲಿಗಳು ಸತ್ತು ಬಿದ್ದಿದ್ದವು, ನನ್ನ ಅಂಗಿಯೂ ಮೈಗೆ ಅಂಟಿತ್ತು, ಏನೋ ಸರಿಯಿಲ್ಲ ಎಂದು ನನಗೂ ಅನ್ನಿಸಿತ್ತು. ಆದರೂ ಬೇಡ ದೊಡ್ಡಮ್ಮ, ತೆಗೆದರೆ ತಂಪೆಲ್ಲ ಹೋಗುತ್ತದೆ ಎಂದೆ. ಅವಳು ಮತ್ತೊಮ್ಮೆ ಕೇಳಿದಳು. ನಾನು ರೇಗಿದೆ. ಅವಳಿಗೆ ಸಿಟ್ಟು ಬರಲಿಲ್ಲ ಅಕ್ಕ. "ಆಯ್ತಪ್ಪ, ಕೆಲಸ ಕಲಿತೋನು ನೀನು, ನೀನು ಹೇಳಿದ ಹಾಗೇ ಆಗ್ಲಿ" ಎಂದು ಫೋನ್ ಇಟ್ಟಳು.