ಲೂಸಿಯಾ ಸ್ಪರ್ಧೆಯ ಫೋಟೊ

ಫಾಲುನ್,
ನವೆಂಬರ್ 21, ಶುಕ್ರವಾರ

ನನ್ನ ಮುದ್ದು ರಾಹ್ವಾ,

"ಆ ಫೋಟೊ ಇರೋ ಊರಲ್ಲಿ ನಾನಿರಲ್ಲ" ಎಂದು ನೀನು ಗೆವ್ಲೆಗೆ, ಚಿಕ್ಕಮ್ಮನ ಮನೆಗೆ ಹೋಗಿ ನಾಲ್ಕು ದಿನವಾಯಿತು. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದ. ನಿಂತು ಓದಬೇಡ, ಕೂತು ಓದು.

ಸೋಮವಾರ ಪತ್ರಿಕೆಯಲ್ಲಿ ಏಳು ಹುಡುಗಿಯರ ಫೋಟೊ ಬಂದವಲ್ಲ. ಓದುಗರು ಯಾರಿಗೆ ಹೆಚ್ಚು ಮತ ಹಾಕುತ್ತಾರೋ ಅವಳೇ ಲೂಸಿಯಾ. ಡಿಸೆಂಬರ್ ಹದಿಮೂರರ ಹಬ್ಬಕ್ಕೆ ದೀಪದ ಕಿರೀಟ ಹೊತ್ತು ಮೆರವಣಿಗೆಯ ಮುಂದೆ ನಡೆಯುವವಳು. ಆರು ಮುಖ ಇದ್ದ ಹಾಗೇ ಇದ್ದವು. ನಿನ್ನದು ಮಾತ್ರ ಒಗೆದೊಗೆದು ಬಣ್ಣ ಹೋದ ಬಟ್ಟೆಯ ಹಾಗಿತ್ತು. ಗುಂಗುರು ಕೂದಲೂ ನೆಟ್ಟಗಾಗಿತ್ತು. ನೀನು ಪತ್ರಿಕೆಯ ಕಚೇರಿಗೆ ನುಗ್ಗಿ, "ನನ್ನ ಮುಖ ತಿಕ್ಕಿ ತೊಳೆಯೋಕೆ ನಿಮಗ್ಯಾರು ಹೇಳಿದ್ದು?" ಎಂದು ಫೋಟೊಗ್ರಾಫರ್ ಸಿಕ್ಸ್ಟೆನ್ ಅವರನ್ನು ತರಾಟೆಗೆ ತೆಗೆದುಕೊಂಡಾಗ ನಾನು ನಿನ್ನ ಹಿಂದೆಯೇ ನಿಂತಿದ್ದೆ. ಅವರು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದರು.

ಅವರು ತೆಪ್ಪಗಿದ್ದದ್ದು ನನ್ನ ಮಾನ ಕಾಯಲು, ಮಗಳೇ. ನಿನಗಿನ್ನೂ ಹದಿನೇಳು, ಹೆತ್ತವರ ಒಪ್ಪಿಗೆ ಬೇಕೆಂದು ಅವರು ಫೋಟೊವನ್ನು ನನಗೆ ಕಳಿಸಿದ್ದರು. ಚೆನ್ನಾಗಿತ್ತು. ನೀನು ಹಲ್ಲು ಬಿಟ್ಟು ನಕ್ಕಿದ್ದೆ. ಅದನ್ನು ಫೋನಿನಲ್ಲಿ ಬೆಳ್ಳಗೆ ಮಾಡಿ, ಕೂದಲನ್ನೂ ನೆಟ್ಟಗೆ ಮಾಡಿದವಳು ನಾನು. ಒಂದು ಸಲ ಬೆರಳು ಎಳೆದೆ, ಸಾಲದೆನಿಸಿತು, ಇನ್ನೊಂದು ಸಲ ಎಳೆದೆ. ಇದನ್ನೇ ಹಾಕಿ ಎಂದು ವಾಪಸು ಕಳಿಸಿದೆ. ಸಿಕ್ಸ್ಟೆನ್ ಫೋನ್ ಮಾಡಿ, "ಅಬ್ರೆಹೆತ್, ಇದು ನಿಮ್ಮ ಮಗಳ ಥರ ಇಲ್ವಲ್ಲ" ಎಂದರು. "ಅವಳಿಗೂ ಇದೇ ಇಷ್ಟ" ಎಂದುಬಿಟ್ಟೆ.

ಯಾಕೆ ಮಾಡಿದೆ? ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಕಾಫಿಯ ಹೊತ್ತಿಗೆ ಮಾಯ್‌ಬ್ರಿಟ್ ಅಜ್ಜಿ, "ಏನೇ ಅಬ್ರೆಹೆತ್, ನಿನ್ನ ಮಗಳು ಲೂಸಿಯಾ ಆದ್ರೆ ಕಿರೀಟಕ್ಕೆ ನಾಲ್ಕು ಮೇಣದಬತ್ತಿ ಜಾಸ್ತಿ ಸಿಕ್ಕಿಸ್ಬೇಕು ನೋಡು, ಇಲ್ದಿದ್ರೆ ಮುಖ ಎಲ್ಲಿ ಕಾಣ್ತದೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.  ಅಂಗಡಿಯ ಬೊಂಬೆ, ಬಿಸ್ಕತ್ತಿನ ಡಬ್ಬಿ, ಟಿವಿ, ಎಲ್ಲಿ ನೋಡಿದರೂ ಅದೇ ಬಿಳಿ ಮುಖದ, ಹೊಂಗೂದಲ ಲೂಸಿಯಾ. ನಿನ್ನ ಫೋಟೊ ನೋಡಿ ಜನ ಏನೇನು ಬರೆಯುತ್ತಾರೋ ಎಂದು ಹೆದರಿದೆ. ಅವರ ಏಟು ನಿನಗೆ ಬೀಳದಿರಲಿ ಎಂದು ಮೊದಲ ಏಟು ನಾನೇ ಹೊಡೆದೆ.

ಈಗ ಊರೆಲ್ಲ ನಿನ್ನ ಪರ. ಬೈಗುಳವೆಲ್ಲ ಸಿಕ್ಸ್ಟೆನ್ ಪಾಲಿಗೆ. ಬರುವ ಮಂಗಳವಾರ ಅವರನ್ನು ಕೆಲಸದಿಂದ ತೆಗೆಯುತ್ತಾರಂತೆ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನದು ಆ ಮನುಷ್ಯನ ಹೆಗಲೇರಿ ಕೂತಿದೆ.

ನಿನ್ನೆ ಸಂಪಾದಕರ ಬಳಿ ಹೋಗಿ ಎಲ್ಲ ಹೇಳಿಬಂದೆ. ಇನ್ನು ಅವರ ಕೆಲಸಕ್ಕೆ ಭಯವಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಕೂಗಾಡು, ಆದರೆ ಮನೆಗೆ ಬಂದು ಕೂಗಾಡು.

ನಿನ್ನ ಅಮ್ಮ,
ಅಬ್ರೆಹೆತ್

ತಾ.ಕ.: ಸಂಪಾದಕರಿಗೆ ಹೇಳಿಬಂದೆ ಎಂದು ಬರೆದೆನಲ್ಲ, ಅದು ಸುಳ್ಳು. ಬಾಗಿಲಿನವರೆಗೆ ಎರಡು ಸಲ ಹೋಗಿ ಹಿಂದಿರುಗಿದೆ. ಆದರೂ ಆ ಸಾಲನ್ನು ಹೊಡೆದುಹಾಕುವುದಿಲ್ಲ, ಇದು ನಿನ್ನ ಕೈ ಸೇರುವ ಮೊದಲು ನಿಜ ಮಾಡುತ್ತೇನೆ. ಅಂಚೆ ಡಬ್ಬಿ ಪತ್ರಿಕೆಯ ಕಚೇರಿಯ ಎದುರಿಗೇ ಇದೆ. ಇದನ್ನು ಹಾಕಿ ಬೀದಿ ದಾಟುತ್ತೇನೆ. ಕಾಗದ ಕೈಗೆ ಬಂದ ಕೂಡಲೇ ಸಿಕ್ಸ್ಟೆನ್ ಅವರಿಗೆ ಫೋನ್ ಮಾಡಿ ನಾನು ಬಂದಿದ್ದೆನೇ ಎಂದು ಕೇಳು. ನನ್ನನ್ನು ಕೇಳಬೇಡ.