ಅಪೆಂಡಿಕ್ಸ್ ಎಂದ ಗಾಯ

ಗೋಗಿ, ಶಹಾಪುರ ತಾಲೂಕು
೧೨ ಸೆಪ್ಟೆಂಬರ್ ೨೦೦೯

ಪ್ರೀತಿಯ ಖುರ್ಷೀದ ಆಪಾ,

ಮಲ್ಲಿಕಮ್ಮಳ ಸಲಾಂ. ನಿಮ್ಮ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡಿ. ಕಾಲುವೆಗೆ ನೀರು ಬಂದು ನಾಟಿ ಮುಗಿದಿದೆ. ಮಕ್ಕಳು ಮತ್ತೆ ನನ್ನ ಅಂಗನವಾಡಿಗೆ ಬರುತ್ತಿದ್ದಾರೆ. ನಾನು ಚೆನ್ನಾಗಿದ್ದೇನೆ.

ದೇವಿಂದ್ರನ ಸುದ್ದಿ ನಿಮಗೆ ಮುಟ್ಟಿರಬೇಕು. ಗಂಡನನ್ನು ಏಕವಚನದಲ್ಲಿ ಬರೆದೆನೆಂದು ಬೈಯಬೇಡಿ. ನನ್ನ ಕಿಡ್ನಿ ಹಾಕಿಸಿಕೊಂಡು ಎದ್ದು ಕುಳಿತವನು, ಎರಡೇ ವರ್ಷಕ್ಕೆ "ಒಂದ ಕಿಡ್ನಿಯಾಕಿ ಹಡಿಯೂದಿಲ್ಲ" ಎಂಬ ತಾಯಿಯ ಮಾತು ಕೇಳಿ ಬೋನಾಳದ ಮೌನಮ್ಮಳನ್ನು ಕಟ್ಟಿಕೊಂಡ. ಶಹಾಪುರದಲ್ಲಿ ಮನೆ ಮಾಡಿದ. ಆಪರೇಶನ್ ಆದದ್ದನ್ನು ಅವಳಿಂದ ಮುಚ್ಚಿಟ್ಟ.

ಹೋದ ತಿಂಗಳು ಮೌನಮ್ಮ ಅಂಗನವಾಡಿಯ ಬಾಗಿಲಿಗೆ ಬಂದಳು. ಅವನಿಗೆ ವಾರದಿಂದ ಜ್ವರ, ಭೇದಿ, ಮೈಮೇಲೆ ಎಚ್ಚರವಿರಲಿಲ್ಲವಂತೆ.

"ಅಕ್ಕಾ, ಹೊಟ್ಟಿ ಮ್ಯಾಲಿನ ಗಾಯ ಯಾತರದು ಅಂತ ಡಾಕ್ಟರ್ ಕೇಳಾಕತ್ಯಾರ. ಅತ್ತಿ ಊರಾಗಿಲ್ಲ. ಇವರು ಅಪೆಂಡಿಕ್ಸ್ ಅಂದಿದ್ರು. ಖರೇನಾ?"

"ಖರೇ."

"ದಿನಾ ನುಂಗೋ ಗುಳಿಗಿ?"

"ಬಿ.ಪಿ.ದು."

ಅವನು ಕಟ್ಟಿದ ಸುಳ್ಳನ್ನು ಅವನಿಗೇ ಉಣಿಸಿದೆ. ಆ ದಿನ ಹೊಟ್ಟೆತುಂಬ ರೊಟ್ಟಿ ತಿಂದೆ ಆಪಾ. ಟೈಫಾಯ್ಡ್ ಎಂದುಕೊಂಡು ನಾಲ್ಕು ದಿನ ಅದರದೇ ಔಷಧ ಕೊಟ್ಟರು. ಐದನೆಯ ದಿನ ಕಿಡ್ನಿ ಆಪರೇಶನ್ನಿನ ಹಳೆಯ ಫೈಲು ಹಿಡಿದು ಶಹಾಪುರದ ಆಸ್ಪತ್ರೆಗೆ ಬಸ್ಸು ಹತ್ತಿದೆ. ಅವನ ಮೇಲೆ ಕನಿಕರ ಬಂತೆಂದು ತಿಳಿಯಬೇಡಿ, ಆ ಹುಡುಗಿಯ ಅಳುಮುಖ ಕಣ್ಣಿಂದ ಹೋಗಲೊಲ್ಲದಾಯಿತು.

ಡಾಕ್ಟರು ಫೈಲು ನೋಡಿ ತಲೆ ಹಿಡಿದುಕೊಂಡರು. "ಕಿಡ್ನಿ ಹಾಕಿಸಿಕೊಂಡವರಿಗೆ ಐದಾರು ವರ್ಷದ ಮ್ಯಾಲೂ ಮೈಯಾಗ ಮಲಗಿದ್ದ ವೈರಸ್ ಏಳ್ತದವ್ವಾ. ಮೊದಲ ದಿನಾನ ಹೇಳಬಾರದಾ?"

ಹೈದರಾಬಾದಿಗೆ ಒಯ್ದರು. ವೈರಸ್ಸೇ ಆಗಿತ್ತು. ಜೀವ ಉಳಿಯಿತು, ಕಿಡ್ನಿ ಉಳಿಯಲಿಲ್ಲ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೊಟ್ಟದ್ದು ನನ್ನದು, ಕಿತ್ತುಕೊಂಡೆ. ಮನಸ್ಸಿಗೆ ಇನ್ನೂ ತಂಪಾಗಿಲ್ಲ. ಅವನ ತಾಯಿ ಬೀದಿಯಲ್ಲಿ ನನ್ನ ಹೆಸರು ಹಿಡಿದು ಶಪಿಸುತ್ತಾಳೆ, ಶಪಿಸಲಿ.

ನಿಮ್ಮ ಮೊಮ್ಮಕ್ಕಳು ನೂರು ವರ್ಷ ಬಾಳಲಿ. ನನಗಾಗಿ ದುವಾ ಮಾಡುವುದಿದ್ದರೆ ಯೋಚಿಸಿ ಮಾಡಿ.

ನಿಮ್ಮ
ಮಲ್ಲಿಕಮ್ಮ

ತಾ.ಕ.: ನಿನ್ನೆ ಮೌನಮ್ಮ ಮತ್ತೆ ಬಂದಿದ್ದಳು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಲಿಲ್ಲ. ತನ್ನ ಕಿಡ್ನಿ ಕೊಡುತ್ತಾಳಂತೆ. "ಭಾಳ ನೋವಾಗ್ತದೇನ್ ಅಕ್ಕಾ?" ಎಂದಳು. ಅವಳಿಗೆ ಚಾಪೆ ಹಾಸಿದೆ. "ಇನ್ನ ನಾವಿಬ್ರೂ ಒಂದ ಜೀವ ಅಂತ ಇವರು ನನ್ನ ಕೈ ಹಿಡಕೊಂಡು ಅತ್ರು" ಎಂದಳು. ಆರು ವರ್ಷದ ಹಿಂದೆ ಆಪರೇಶನ್ ಕೋಣೆಯ ಬಾಗಿಲಲ್ಲಿ ದೇವಿಂದ್ರ ನನ್ನ ಕೈ ಹಿಡಿದು ಅದನ್ನೇ ಹೇಳಿ ಅತ್ತಿದ್ದ. ಏನೇ ಮಾಡಿದರೂ ಆ ಒಂದು ಮಾತನ್ನು ನನಗೊಬ್ಬಳಿಗೇ ಹೇಳಿದ್ದಾನೆ ಎಂದುಕೊಂಡಿದ್ದೆ ಆಪಾ.